ಗಿರಾಕಿ ಕಂಪನಿಯ ಹೆಸರಿನ ಕೊನೆಗೆ ಎಸ್.ಎಲ್., ಎಸ್.ಎ. ಡಿ ಸಿ.ವಿ., ಎಸ್.ಎ.ಎಸ್. ಅಂತ ಇದ್ದರೆ ಏನರ್ಥ? ದುಡ್ಡು ಕೊಡದಿದ್ದರೆ ಯಾರನ್ನು ಕೇಳಬೇಕು?

ಬತ್ತಿಮನೆ_ಮೈಸೂರು:

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರಿನಲ್ಲಿ ಒಂದು ಸಣ್ಣ ಅಗರಬತ್ತಿ ಘಟಕ. ಅಪ್ಪನ ಕಾಲದಲ್ಲಿ ಊರಿನ ಅಂಗಡಿಗಳಿಗೆ ಮಾತ್ರ ಹಾಕುತ್ತಿದ್ದೆವು. ಆರು ವರ್ಷದಿಂದ ಹೊರದೇಶಕ್ಕೂ ಕಳಿಸುತ್ತಿದ್ದೇವೆ. ಆರು ಮೂಲೆಯ ಡಬ್ಬಿಯಲ್ಲಿ 20 ಕಡ್ಡಿ ಬರುತ್ತದಲ್ಲ, ಆ ಪ್ಯಾಕ್ ನಮ್ಮಿಂದ ಜಾಸ್ತಿ ಹೋಗುವುದು ಸ್ಪ್ಯಾನಿಷ್ ಮಾತನಾಡುವ ದೇಶಗಳಿಗೆ. ಮೆಕ್ಸಿಕೋದಲ್ಲಿ ಇಬ್ಬರು, ಕೊಲಂಬಿಯಾದಲ್ಲಿ ಒಬ್ಬರು, ಚಿಲಿಯಲ್ಲಿ ಒಬ್ಬರು, ಸ್ಪೇನ್‌ನಲ್ಲಿ ಒಬ್ಬರು ಗಿರಾಕಿ ಇದ್ದಾರೆ.

ಇಷ್ಟು ದಿನ ಅವರ ಹೆಸರಿನ ಕೊನೆಗೆ ಏನಿದೆ ಅಂತ ನಾನು ನೋಡಿಯೇ ಇರಲಿಲ್ಲ. ಒಬ್ಬರದು ಎಸ್.ಎ. ಡಿ ಸಿ.ವಿ., ಇನ್ನೊಬ್ಬರದು ಎಸ್. ಡಿ ಆರ್.ಎಲ್. ಡಿ ಸಿ.ವಿ., ಕೊಲಂಬಿಯಾದವರದು ಎಸ್.ಎ.ಎಸ್., ಚಿಲಿಯವರದು ಎಸ್.ಪಿ.ಎ., ಸ್ಪೇನ್‌ನವರದು ಎಸ್.ಎಲ್.ಯು. ಎಲ್ಲವೂ ನಮ್ಮ ಪ್ರೈವೇಟ್ ಲಿಮಿಟೆಡ್ ತರಹ ಇರಬೇಕು ಅಂದುಕೊಂಡು ಸುಮ್ಮನಿದ್ದೆ. ಈಗ ಸ್ಪೇನ್‌ನ ಗಿರಾಕಿ 5,400 ಯೂರೋ ಬಾಕಿ ಉಳಿಸಿಕೊಂಡು ಫೋನ್ ಎತ್ತುವುದನ್ನೇ ಬಿಟ್ಟಿದ್ದಾನೆ. ಅವನ ಕಂಪನಿಯ ಬಂಡವಾಳ ಬರೀ 3,000 ಯೂರೋ ಅಂತ ಗೊತ್ತಾಯಿತು. ಆ ಮನುಷ್ಯನ ಸ್ವಂತ ಆಸ್ತಿಗೆ ನಾವು ಕೈ ಹಾಕಬಹುದಾ?

ಎರಡನೆಯ ಪ್ರಶ್ನೆ. ನಮ್ಮ ಚಿಕ್ಕಪ್ಪನ ಮಗ ಬಾರ್ಸಿಲೋನಾದಲ್ಲಿದ್ದಾನೆ. ಇಬ್ಬರೂ ಸೇರಿ ಅಲ್ಲೇ ಒಂದು ಕಂಪನಿ ಮಾಡಿ ಮಾಲು ಸ್ಟಾಕ್ ಇಟ್ಟು ಮಾರೋಣ ಅಂತ ಮಾತಾಗಿದೆ. ಎಸ್.ಎ. ಮಾಡಿದರೆ ಮರ್ಯಾದೆ ಜಾಸ್ತಿ ಅಂತ ಯಾರೋ ಅವನಿಗೆ ಹೇಳಿದ್ದಾರಂತೆ. ನಿಜವಾ? ಆ ಕಡೆ ವ್ಯವಹಾರ ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ವಲೆನ್ಸಿಯಾ_ವಾಣಿ:

ಸರ್, ನಾನು ಏಳು ವರ್ಷದಿಂದ ವಲೆನ್ಸಿಯಾದಲ್ಲಿ ಎಸ್.ಎಲ್. ನಡೆಸುತ್ತಿದ್ದೇನೆ. ಸ್ಪೇನ್ ಮಟ್ಟಿಗೆ ಹೇಳಬಲ್ಲೆ.

ಎಸ್.ಎಲ್. ಅಂದರೆ ಸೊಸಿಯೆದಾದ್ ಲಿಮಿತಾದಾ. ಎಸ್.ಎ. ಅಂದರೆ ಸೊಸಿಯೆದಾದ್ ಅನೋನಿಮಾ. ಎರಡಕ್ಕೂ ಇರುವುದು ಒಂದೇ ಕಾನೂನು, 2010ರದ್ದು. ಎರಡರಲ್ಲೂ ಕಂಪನಿಯ ಸಾಲಕ್ಕೆ ಪಾಲುದಾರರು ಸ್ವಂತ ಆಸ್ತಿಯಿಂದ ಹೊಣೆಯಲ್ಲ, ಹಾಕಿದ ಬಂಡವಾಳ ಹೋದರೆ ಹೋಯಿತು ಅಷ್ಟೇ. ಹಾಗಾಗಿ ಎಸ್.ಎ. ಜೊತೆ ವ್ಯವಹಾರ ಮಾಡಿದರೆ ದುಡ್ಡು ಭದ್ರ ಅನ್ನುವ ನಂಬಿಕೆಯನ್ನು ಮೊದಲು ಬಿಟ್ಟುಬಿಡಿ.

ನಿಜವಾದ ವ್ಯತ್ಯಾಸ ಇರುವುದು ಪಾಲು ಕೈ ಬದಲಾಗುವ ರೀತಿಯಲ್ಲಿ. ಎಸ್.ಎ.ದಲ್ಲಿ ಇರುವುದು ಅಕ್ಸಿಯೋನೆಸ್, ನಮ್ಮ ಷೇರಿನ ಹಾಗೆ. ಹೊರಗಿನವರಿಗೆ ಮಾರಬಹುದು, ಷೇರು ಪೇಟೆಗೂ ಹೋಗಬಹುದು. ಎಸ್.ಎಲ್.ನಲ್ಲಿ ಇರುವುದು ಪಾರ್ತಿಸಿಪಾಸಿಯೋನೆಸ್. ಅದನ್ನು ಷೇರು ಅನ್ನುವ ಹಾಗೇ ಇಲ್ಲ. ಮಾರಬೇಕಾದರೆ ನೋಟರಿ ಮುಂದೆ ಕೂತು ಪತ್ರ ಮಾಡಿಸಬೇಕು. ಗಂಡ ಹೆಂಡತಿಗೋ ಮಕ್ಕಳಿಗೋ ತಂದೆ ತಾಯಿಗೋ ಇನ್ನೊಬ್ಬ ಪಾಲುದಾರನಿಗೋ ಕೊಡುವುದಾದರೆ ಸಾಮಾನ್ಯವಾಗಿ ತಡೆಯಿಲ್ಲ, ಆದರೆ ಹೊರಗಿನವನಿಗೆ ಮಾರಲು ಹೊರಟರೆ ಕಂಪನಿಯ ಒಪ್ಪಿಗೆ ಬೇಕು. ಯಾರಿಗೆ ಬೇಕಾದರೂ ಮಾರಬಹುದು ಅಂತ ನಿಯಮಾವಳಿಯಲ್ಲಿ ಬರೆದುಕೊಂಡರೂ ಆ ಸಾಲು ಊರ್ಜಿತವಲ್ಲ. ಮನೆಯವರು, ನಂಬಿಕೆಯವರು ಸೇರಿ ಮಾಡುವ ಕಂಪನಿಗೆ ಇದು ತುಂಬಾ ಒಳ್ಳೆಯದು. ನಾಳೆ ಬೆಳಿಗ್ಗೆ ಅಪರಿಚಿತನೊಬ್ಬ ಬಂದು ನಾನೀಗ ನಿಮ್ಮ ಪಾಲುದಾರ ಅಂತ ಕೂರುವ ಭಯ ಇಲ್ಲ.

ಬಂಡವಾಳದ ವಿಷಯ. ಎಸ್.ಎ.ಗೆ ಕನಿಷ್ಠ 60,000 ಯೂರೋ ಬೇಕು, ಶುರುವಿನಲ್ಲಿ ಅದರ ಕಾಲು ಭಾಗವಾದರೂ ಕಟ್ಟಿರಬೇಕು. ಎಸ್.ಎಲ್.ಗೆ ಮೊದಲು 3,000 ಯೂರೋ ಇತ್ತು. 2022ರ ಕಾನೂನು ಬಂದ ಮೇಲೆ 1 ಯೂರೋ ಸಾಕು. ಆದರೆ 1 ಯೂರೋ ಅಂತ ಖುಷಿಪಡುವ ಮೊದಲು ಅದರ ಜೊತೆಗಿರುವ ಎರಡು ಷರತ್ತು ಓದಿ. ಬಂಡವಾಳ ಮತ್ತು ಕಾನೂನಿನ ಮೀಸಲು ಸೇರಿ 3,000 ಮುಟ್ಟುವವರೆಗೆ ಪ್ರತಿ ವರ್ಷದ ಲಾಭದಲ್ಲಿ 20% ಎತ್ತಿಡಬೇಕು. ಅಷ್ಟರೊಳಗೆ ಕಂಪನಿ ಮುಚ್ಚಿ ಸಾಲ ತೀರಿಸಲು ಸಾಲದೆ ಹೋದರೆ, 3,000ಕ್ಕೆ ಎಷ್ಟು ಕಡಿಮೆಯಿದೆಯೋ ಅಷ್ಟನ್ನು ಪಾಲುದಾರರೇ ಕೈಯಿಂದ ತುಂಬಬೇಕು. ಆದ್ದರಿಂದ ನಿಮ್ಮ ತಮ್ಮನಿಗೆ 3,000 ಹಾಕಿಯೇ ಶುರುಮಾಡಲು ಹೇಳಿ.

ಈಗ ನಿಮ್ಮ ಬಾಕಿ. ಎಸ್.ಎಲ್.ಯು.ನಲ್ಲಿರುವ ಯು ಅಂದರೆ ಉನಿಪರ್ಸೊನಾಲ್, ಒಬ್ಬನೇ ಪಾಲುದಾರ. ನಿಮಗೆ ಮೂರು ದಾರಿ ಕಾಣುತ್ತದೆ. ಒಂದು, ಪಾಲೆಲ್ಲ ಒಬ್ಬನ ಕೈಗೆ ಬಂದ ಮೇಲೆ ಅದನ್ನು ಆರು ತಿಂಗಳೊಳಗೆ ವಾಣಿಜ್ಯ ನೋಂದಣಿಯಲ್ಲಿ ದಾಖಲಿಸಬೇಕು. ದಾಖಲಿಸದಿದ್ದರೆ, ಒಬ್ಬನೇ ಇದ್ದ ಆ ಅವಧಿಯಲ್ಲಿ ಆದ ಸಾಲಕ್ಕೆ ಅವನು ಸ್ವಂತವಾಗಿ ಹೊಣೆ. ಎರಡು, ನಷ್ಟದಿಂದ ಕಂಪನಿಯ ನಿವ್ವಳ ಆಸ್ತಿ ಬಂಡವಾಳದ ಅರ್ಧಕ್ಕಿಂತ ಕೆಳಗಿಳಿದರೆ ಅದ್ಮಿನಿಸ್ತ್ರದೋರ್, ಅಂದರೆ ಕಂಪನಿ ನಡೆಸುವವನು, ಎರಡು ತಿಂಗಳೊಳಗೆ ಸಭೆ ಕರೆಯಬೇಕು. ಕರೆಯದೆ ಮಾಲು ತರಿಸಿಕೊಳ್ಳುತ್ತಾ ಹೋದರೆ, ಆಮೇಲೆ ಆದ ಸಾಲ ಅವನ ತಲೆಗೇ ಬರುತ್ತದೆ. ಸಣ್ಣ ಕಂಪನಿಗಳಲ್ಲಿ ಸಾಮಾನ್ಯವಾಗಿ ಮಾಲೀಕನೂ ಅವನೇ, ನಡೆಸುವವನೂ ಅವನೇ, ಅಲ್ವಾ? ಹಾಗಾಗಿ ಇದನ್ನು ವಕೀಲರು ಮೊದಲು ನೋಡುತ್ತಾರೆ. ಮೂರು, ಇದು ಎಲ್ಲಕ್ಕಿಂತ ಸುಲಭದ್ದು, ಪ್ರೊಸೆಸೊ ಮೊನಿತೋರಿಯೊ ಅಂತ ಒಂದು ಕೋರ್ಟ್ ದಾರಿ ಇದೆ. ಇನ್ವಾಯ್ಸ್, ಡೆಲಿವರಿ ಕಾಗದ, ಇಮೇಲ್ ಇಟ್ಟು ಅರ್ಜಿ ಹಾಕುವುದು. ಮೊದಲ ಅರ್ಜಿಗೆ ವಕೀಲರು ಕಡ್ಡಾಯವಲ್ಲ. ಕೋರ್ಟ್ ಅವನಿಗೆ 20 ದಿನ ಕೊಡುತ್ತದೆ, ಕಟ್ಟು ಇಲ್ಲವೇ ಯಾಕೆ ಕಟ್ಟಲ್ಲ ಹೇಳು ಅಂತ. ಎರಡೂ ಮಾಡದಿದ್ದರೆ ವಸೂಲಿಗೆ ಹೋಗಬಹುದು.

ಇದಕ್ಕೂ ಮೊದಲು ಒಂದು ಕೆಲಸ ಮಾಡಿ. ವಾಣಿಜ್ಯ ನೋಂದಣಿಯಲ್ಲಿ ಆ ಕಂಪನಿಯ ನೋತಾ ಸಿಂಪ್ಲೆ, ಅಂದರೆ ದಾಖಲೆಯ ಸಂಕ್ಷಿಪ್ತ ಪ್ರತಿ, ಮತ್ತು ಕಳೆದ ವರ್ಷದ ಲೆಕ್ಕಪತ್ರ ತರಿಸಿಕೊಳ್ಳಿ. ಯಾರು ಬೇಕಾದರೂ ಸಣ್ಣ ಶುಲ್ಕ ಕಟ್ಟಿ ಪಡೆಯಬಹುದು. ಒಬ್ಬನೇ ಪಾಲುದಾರ ಅಂತ ದಾಖಲಾಗಿದೆಯಾ, ನಿವ್ವಳ ಆಸ್ತಿ ಎಷ್ಟಿದೆ, ಎರಡೂ ಅದರಲ್ಲೇ ಸಿಗುತ್ತದೆ. ಲೆಕ್ಕವನ್ನೇ ಸಲ್ಲಿಸಿಲ್ಲ ಅಂತ ಕಂಡರೆ ಆ ಕಂಪನಿಗೆ ಇನ್ನು ಮೇಲೆ ಒಂದು ಡಬ್ಬಿಯನ್ನೂ ಸಾಲ ಕೊಡಬೇಡಿ.

ಸಿ.ಎ._ಸುಬ್ಬಣ್ಣ:

ವಾಣಿ ಮೇಡಂ ಚೆನ್ನಾಗಿ ಹೇಳಿದ್ದಾರೆ. ನಾನು ಬೆಂಗಳೂರಿನ ಕಂಪನಿಯೊಂದರ ಪರವಾಗಿ ಮೊಂತೆರೇಯಲ್ಲಿ ಮೂರು ವರ್ಷ ಲೆಕ್ಕ ನೋಡಿಕೊಂಡಿದ್ದೆ, ಮೆಕ್ಸಿಕೋ ಭಾಗ ಸೇರಿಸುತ್ತೇನೆ.

ಡಿ ಸಿ.ವಿ. ಅಂದರೆ ದೆ ಕಪಿತಾಲ್ ವರಿಯಾಬ್ಲೆ, ಬದಲಾಗುವ ಬಂಡವಾಳ. ಅದು ಬೇರೆ ಜಾತಿಯ ಕಂಪನಿಯಲ್ಲ, ಎಸ್.ಎ.ಗೋ ಎಸ್. ಡಿ ಆರ್.ಎಲ್.ಗೋ ಸೇರಿಸುವ ಒಂದು ಅನುಕೂಲ. ಬಂಡವಾಳದಲ್ಲಿ ಒಂದು ಸ್ಥಿರ ಭಾಗ, ಒಂದು ಬದಲಾಗುವ ಭಾಗ. ಬದಲಾಗುವ ಭಾಗಕ್ಕೆ ದುಡ್ಡು ಸೇರಿಸಲು, ತೆಗೆಯಲು ಪ್ರತಿ ಸಲ ನಿಯಮಾವಳಿ ತಿದ್ದಿ ನೋಟರಿ ಹತ್ತಿರ ಓಡಬೇಕಾಗಿಲ್ಲ, ಕಂಪನಿಯ ಪುಸ್ತಕದಲ್ಲಿ ಬರೆದರೆ ಸಾಕು. ಅದಕ್ಕೇ ಅಲ್ಲಿ ಮೂಲೆಮೂಲೆಯ ಕಂಪನಿಗೂ ಈ ಬಾಲ ಇರುತ್ತದೆ. ಸಾಲದ ಮೇಲೆ ಮಾಲು ಕೊಡುವ ನೀವು ಇದರಲ್ಲಿ ಗಮನಿಸಬೇಕಾದ್ದು ಒಂದೇ, ನೋಂದಣಿಯಲ್ಲಿ ಕಾಣುವುದು ಸ್ಥಿರ ಭಾಗ. ದೊಡ್ಡ ಕಂಪನಿಯ ಸ್ಥಿರ ಬಂಡವಾಳವೂ 50,000 ಪೆಸೊ ಅಂತ ಇರಬಹುದು. ಅದು ಹಳೆಯ ಕನಿಷ್ಠ ಮಿತಿ, 2011ರ ಕೊನೆಗೆ ಅದನ್ನು ತೆಗೆದುಹಾಕಿದರು. ಆ ಸಂಖ್ಯೆ ನೋಡಿ ಕಂಪನಿಯ ಶಕ್ತಿ ಅಳೆಯಬೇಡಿ.

ಎಸ್.ಎ.ಗೆ ಕನಿಷ್ಠ ಇಬ್ಬರು ಷೇರುದಾರರು ಬೇಕು. ಎಸ್. ಡಿ ಆರ್.ಎಲ್. ಅಂದರೆ ಸ್ಪೇನ್‌ನ ಎಸ್.ಎಲ್.ಗೆ ಅಣ್ಣತಮ್ಮ ಅನ್ನಬಹುದು, ಗರಿಷ್ಠ 50 ಪಾಲುದಾರರು, ಪಾಲು ಮಾರಲು ಉಳಿದವರ ಒಪ್ಪಿಗೆ ಬೇಕು. ಇದನ್ನು ಅಮೆರಿಕದ ಕಂಪನಿಗಳು ಜಾಸ್ತಿ ಇಷ್ಟಪಡುತ್ತವೆ, ಅದಕ್ಕೆ ಕಾರಣ ಅಮೆರಿಕದ ತೆರಿಗೆ. ಮೆಕ್ಸಿಕೋದ ಎಸ್.ಎ.ಯನ್ನು ಅಮೆರಿಕದ ತೆರಿಗೆ ನಿಯಮ ಯಾವಾಗಲೂ ಪ್ರತ್ಯೇಕ ಕಂಪನಿ ಅಂತಲೇ ನೋಡುತ್ತದೆ. ಎಸ್. ಡಿ ಆರ್.ಎಲ್. ಆದರೆ ಪ್ರತ್ಯೇಕ ಕಂಪನಿ ಅನ್ನಿಸಿಕೊಳ್ಳಬೇಕೋ ಬೇಡವೋ ಅಂತ ಆರಿಸಿಕೊಳ್ಳಲು ಬಿಡುತ್ತದೆ. ನಮ್ಮ ಊರಿನ ಇನ್ಫೋಸಿಸ್‌ನ ವಾರ್ಷಿಕ ವರದಿ ತೆಗೆದು ಅಂಗಸಂಸ್ಥೆಗಳ ಪಟ್ಟಿ ನೋಡಿ, ಮೆಕ್ಸಿಕೋದ್ದು ಎಸ್. ಡಿ ಆರ್.ಎಲ್. ಡಿ ಸಿ.ವಿ., ಚಿಲಿಯದ್ದು ಎಸ್.ಪಿ.ಎ. ಅಂತ ಇದೆ. ಆದ್ದರಿಂದ ಎಸ್.ಎ. ಅಲ್ಲದವರೆಲ್ಲ ಚಿಲ್ಲರೆ ಅನ್ನುವ ಮಾತು ಸುಳ್ಳು.

ಒಂದು ಉಪಯೋಗದ ವಿಷಯ. ನಿಮ್ಮ ಮೆಕ್ಸಿಕೋ ಗಿರಾಕಿಯ ಆರ್ಡರಿನಲ್ಲಿ ಆರ್.ಎಫ್.ಸಿ. ಅಂತ ಒಂದು ತೆರಿಗೆ ಸಂಖ್ಯೆ ಇರುತ್ತದೆ. ಕಂಪನಿಯಾದರೆ 12 ಅಕ್ಷರ, ವ್ಯಕ್ತಿಯಾದರೆ 13. ಕಂಪನಿಯದ್ದರಲ್ಲಿ ಮೊದಲ ಮೂರು ಅಕ್ಷರ ಆದ ಮೇಲೆ ಬರುವ ಆರು ಅಂಕಿ, ಕಂಪನಿ ಹುಟ್ಟಿದ ದಿನ. 190312 ಅಂತ ಇದ್ದರೆ 2019ರ ಮಾರ್ಚ್ 12. ಇಪ್ಪತ್ತು ವರ್ಷದಿಂದ ವ್ಯಾಪಾರದಲ್ಲಿದ್ದೇವೆ ಅನ್ನುವವರ ಸಂಖ್ಯೆ ಹೋದ ವರ್ಷದ್ದಾಗಿದ್ದರೆ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಸ್ಪೇನ್‌ನಲ್ಲೂ ಹಾಗೆ, ತೆರಿಗೆ ಸಂಖ್ಯೆ ಎ ಇಂದ ಶುರುವಾದರೆ ಎಸ್.ಎ., ಬಿ ಇಂದ ಶುರುವಾದರೆ ಎಸ್.ಎಲ್. ಪೆರುವಿನಲ್ಲಿ ಕಂಪನಿಗಳದ್ದು 20ರಿಂದ ಶುರು, ವ್ಯಕ್ತಿಗಳದ್ದು 10ರಿಂದ.

ಬೊಗೊಟಾ_ಬಸಣ್ಣ:

ಕೊಲಂಬಿಯಾ ಬಗ್ಗೆ ಯಾರೂ ಬರೆದಿಲ್ಲವಲ್ಲ, ನಾನು ಬರೆಯುತ್ತೇನೆ. ಇಡೀ ಲ್ಯಾಟಿನ್ ಅಮೆರಿಕದಲ್ಲಿ ಈ ವಿಷಯದ ದಿಕ್ಕು ಬದಲಿಸಿದ್ದೇ ಈ ದೇಶ, ಅದನ್ನು ಬಿಟ್ಟರೆ ನ್ಯಾಯ ಅಲ್ಲ.

ಮೊದಲು ಇಲ್ಲಿ ಎಸ್.ಎ. ಮಾಡಲು ಕನಿಷ್ಠ ಐದು ಜನ ಷೇರುದಾರರು ಬೇಕಿತ್ತು, ಈಗಲೂ ಬೇಕು. ಲಿಮಿತಾದಾ ಮಾಡಿದರೆ 2ರಿಂದ 25 ಜನ. ಒಬ್ಬನೇ ವ್ಯಾಪಾರಿ ಇವೆರಡರಲ್ಲಿ ಒಂದನ್ನು ಮಾಡಬೇಕೆಂದರೆ ಹೆಂಡತಿ, ಅತ್ತೆ, ಭಾವಮೈದುನ ಅಂತ ಹೆಸರಿಗೆ ಜನ ಸೇರಿಸಬೇಕಾಗಿತ್ತು. 2008ರ ಡಿಸೆಂಬರ್‌ನಲ್ಲಿ 1258ನೇ ಕಾನೂನು ಬಂತು, ಎಸ್.ಎ.ಎಸ್. ಹುಟ್ಟಿತು. ಸರಳೀಕರಿಸಿದ ಷೇರು ಕಂಪನಿ ಅಂತ ಅರ್ಥ. ಒಬ್ಬನೇ ಸಾಕು. ಕನಿಷ್ಠ ಬಂಡವಾಳ ಇಲ್ಲ, ಒಪ್ಪಿಕೊಂಡ ಬಂಡವಾಳವನ್ನು ಎರಡು ವರ್ಷದೊಳಗೆ ಕಟ್ಟಿದರೆ ಆಯಿತು. ನೋಟರಿ ಮುಂದೆ ದೊಡ್ಡ ಪತ್ರ ಬೇಡ, ಖಾಸಗಿ ಕಾಗದ ಬರೆದು ಕಾಮರಾ ದೆ ಕೊಮೆರ್ಸಿಯೊದಲ್ಲಿ, ಅಂದರೆ ವಾಣಿಜ್ಯ ಮಂಡಳಿಯಲ್ಲಿ, ನೋಂದಾಯಿಸಿದರೆ ಮುಗಿಯಿತು. ಇದರ ಕರಡು ಬರೆದವರು ಫ್ರಾನ್ಸಿಸ್ಕೊ ರೆಯೆಸ್ ವಿಯ್ಯಾಮಿಸಾರ್ ಅನ್ನುವ ಕಾನೂನು ಪ್ರಾಧ್ಯಾಪಕರು. 2017ರಲ್ಲಿ ಅಮೆರಿಕ ಖಂಡದ ರಾಷ್ಟ್ರಗಳ ಸಂಘಟನೆ ಇದನ್ನೇ ಮಾದರಿ ಕಾನೂನಾಗಿ ಒಪ್ಪಿಕೊಂಡಿತು. ಅದೇ ವರ್ಷ ಅರ್ಜೆಂಟೀನಾದಲ್ಲಿ, 2019ರಲ್ಲಿ ಉರುಗ್ವೆಯಲ್ಲಿ, 2020ರಲ್ಲಿ ಈಕ್ವೆಡಾರ್‌ನಲ್ಲಿ ಎಸ್.ಎ.ಎಸ್. ಬಂತು. ಮೆಕ್ಸಿಕೋದಲ್ಲಿ 2016ರಲ್ಲೇ ಬಂದಿತ್ತು, ಆದರೆ ಅಲ್ಲಿ ವಾರ್ಷಿಕ ಆದಾಯಕ್ಕೆ ಮಿತಿ ಇಟ್ಟಿದ್ದಾರೆ, ಅದಕ್ಕೇ ಸುಬ್ಬಣ್ಣನವರು ಹೇಳಿದ ಹಾಗೆ ಅಲ್ಲಿ ಡಿ ಸಿ.ವಿ.ಗಳದ್ದೇ ರಾಜ್ಯ.

ಚಿಲಿ ಇನ್ನೂ ಮುಂಚೆ, 2007ರಲ್ಲೇ ಎಸ್.ಪಿ.ಎ., ಅಂದರೆ ಷೇರುಗಳ ಕಂಪನಿ, ತಂದಿತ್ತು. ಅದಕ್ಕೂ ಒಬ್ಬನೇ ಸಾಕು. ಇಟಲಿಯ ಎಸ್.ಪಿ.ಎ. ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಇಟಲಿಯಲ್ಲಿ ಅದಕ್ಕೆ ಕನಿಷ್ಠ 50,000 ಯೂರೋ ಬಂಡವಾಳ ಬೇಕು, ಚಿಲಿಯಲ್ಲಿ ಕನಿಷ್ಠ ಅಂತ ಏನೂ ಇಲ್ಲ. ಅಕ್ಷರ ಒಂದೇ, ವಸ್ತು ಬೇರೆ.

ಈಗ ನಿಮಗೆ ಬೇಕಾದ್ದು. ಎಸ್.ಎ.ಎಸ್. ಷೇರುದಾರ ಸಾಮಾನ್ಯ ಸಾಲಕ್ಕೆ ಮಾತ್ರ ಅಲ್ಲ, ತೆರಿಗೆ ಬಾಕಿಗೂ ಕೆಲಸಗಾರರ ಸಂಬಳದ ಬಾಕಿಗೂ ಸ್ವಂತವಾಗಿ ಹೊಣೆಯಲ್ಲ. ಗೋಡೆ ಅಷ್ಟು ಗಟ್ಟಿ. ಆದರೆ ಅದೇ ಕಾನೂನಿನ 42ನೇ ಕಲಂನಲ್ಲಿ ಒಂದು ಬಾಗಿಲು ಇಟ್ಟಿದ್ದಾರೆ. ಕಂಪನಿಯನ್ನು ಮೋಸಕ್ಕೆ ಬಳಸಿದರೆ, ಬೇರೆಯವರಿಗೆ ನಷ್ಟ ಮಾಡಲೆಂದೇ ಬಳಸಿದರೆ, ಅದನ್ನು ಮಾಡಿದ, ಮಾಡಲು ಬಿಟ್ಟ ಷೇರುದಾರರೂ ನಡೆಸುವವರೂ ಜೊತೆಯಾಗಿ ಹೊಣೆ. ಬರೀ ವ್ಯಾಪಾರ ಮುಳುಗಿದರೆ ಇದು ಅನ್ವಯಿಸುವುದಿಲ್ಲ, ಮೋಸ ಸಾಬೀತಾಗಬೇಕು.

ಹೊಸ ಗಿರಾಕಿ ಬಂದಾಗ ಸೆರ್ತಿಫಿಕಾದೊ ದೆ ಎಕ್ಸಿಸ್ತೆನ್ಸಿಯಾ ಇ ರೆಪ್ರೆಸೆಂತಾಸಿಯೋನ್ ಲೆಗಾಲ್ ಕೇಳಿ. ವಾಣಿಜ್ಯ ಮಂಡಳಿ ಕೊಡುವ ಪತ್ರ ಅದು. ಕಂಪನಿಯ ಪರವಾಗಿ ಸಹಿ ಹಾಕುವ ಅಧಿಕಾರ ಯಾರಿಗಿದೆ, ಎಷ್ಟು ಮೊತ್ತದವರೆಗೆ ಇದೆ ಅಂತ ಅದರಲ್ಲೇ ಬರೆದಿರುತ್ತದೆ. ನನ್ನ ಪರಿಚಯದ ಒಬ್ಬರು ಮಸಾಲೆ ಕಳಿಸಿದ್ದರು. ಸಹಿ ಹಾಕಿದವನಿಗೆ ಅಷ್ಟು ದೊಡ್ಡ ಆರ್ಡರ್ ಕೊಡುವ ಅಧಿಕಾರವೇ ಇರಲಿಲ್ಲ, ಆಮೇಲೆ ಎಂಟು ತಿಂಗಳು ಪರದಾಡಿದರು. ಒಂದು ಹಾಳೆ ನೋಡಿದ್ದರೆ ತಪ್ಪುತ್ತಿತ್ತು.

ಬತ್ತಿಮನೆ_ಮೈಸೂರು:

ಎಲ್ಲರಿಗೂ ತುಂಬಾ ಧನ್ಯವಾದ. ರಾತ್ರಿ ಕೂತು ಹಳೆಯ ಫೈಲೆಲ್ಲ ತೆಗೆದೆ. ಮೆಕ್ಸಿಕೋದ ಇಬ್ಬರ ಆರ್.ಎಫ್.ಸಿ. ನೋಡಿದೆ, ಒಬ್ಬರದು 2004, ಇನ್ನೊಬ್ಬರದು 2017. ಅವರು ಹೇಳಿದ್ದಕ್ಕೆ ಸರಿಯಾಗಿದೆ, ಸಮಾಧಾನವಾಯಿತು. ಸ್ಪೇನ್‌ನವನ ನೋತಾ ಸಿಂಪ್ಲೆಗೆ ನಮ್ಮ ತಮ್ಮ ಅರ್ಜಿ ಹಾಕಿದ, ಅವತ್ತೇ ಬಂತು. ಒಬ್ಬನೇ ಪಾಲುದಾರ ಅಂತ ಸರಿಯಾಗಿ ದಾಖಲಾಗಿದೆ, ಆ ದಾರಿ ಮುಚ್ಚಿತು. ಆದರೆ ಎರಡು ವರ್ಷದಿಂದ ಲೆಕ್ಕಪತ್ರ ಸಲ್ಲಿಸಿಲ್ಲ. ಮೊನಿತೋರಿಯೊ ಹಾಕುವುದು ಅಂತ ತೀರ್ಮಾನ ಮಾಡಿದ್ದೇವೆ.

ವಾಣಿ ಮೇಡಂ, ತಮ್ಮನ ಜೊತೆ ಎಸ್.ಎಲ್. ಮಾಡುವುದಾದರೆ ನಾನು ಸ್ಪೇನ್‌ಗೆ ಬರಲೇಬೇಕಾ? ಮತ್ತೆ 50-50 ಇಟ್ಟುಕೊಳ್ಳೋಣ ಅಂತ ಇದ್ದೇವೆ, ಪರವಾಗಿಲ್ಲವಾ?

ವಲೆನ್ಸಿಯಾ_ವಾಣಿ:

ಬರಲೇಬೇಕು ಅಂತ ಇಲ್ಲ. ತಮ್ಮನ ಹೆಸರಿಗೆ ಮುಖ್ತಾರುನಾಮೆ ಮಾಡಿ, ಅದಕ್ಕೆ ವಿದೇಶಾಂಗ ಇಲಾಖೆಯ ಅಪಾಸ್ಟಿಲ್, ಅಂದರೆ ಹೊರದೇಶದಲ್ಲಿ ಒಪ್ಪುವ ದೃಢೀಕರಣದ ಮುದ್ರೆ, ಹಾಕಿಸಿ, ಅಧಿಕೃತ ಸ್ಪ್ಯಾನಿಷ್ ಅನುವಾದ ಸೇರಿಸಿ ಕಳಿಸಬಹುದು. ನಿಮಗೆ ಎನ್.ಐ.ಇ. ಅನ್ನುವ ವಿದೇಶಿಯರ ಸಂಖ್ಯೆ ಬೇಕೇ ಬೇಕು, ಅದನ್ನು ಸ್ಪೇನ್ ಕಾನ್ಸುಲೇಟ್ ಮೂಲಕ ಮಾಡಿಸಬಹುದು. ಅದಕ್ಕೆ ಮೊದಲು ಕೈ ಹಾಕಿ, ತಡವಾಗುವುದು ಅಲ್ಲೇ. ಕಂಪನಿಯ ಹೆಸರಿಗೆ ಮ್ಯಾಡ್ರಿಡ್‌ನ ಕೇಂದ್ರ ನೋಂದಣಿಯಿಂದ ಆ ಹೆಸರು ಬೇರೆ ಯಾರದ್ದೂ ಅಲ್ಲ ಅನ್ನುವ ಪತ್ರ ತರಬೇಕು, ಅದರ ವಾಯಿದೆ ಮೂರು ತಿಂಗಳು.

ಆದರೂ ಸಾಧ್ಯವಿದ್ದರೆ ಬನ್ನಿ ಅಂತಲೇ ನಾನು ಹೇಳುವುದು. ನಮ್ಮ ಕಂಪನಿಯ ದಿನ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಉದ್ದದ ಮೇಜು, ಒಂದು ಕಡೆ ನಾನು, ನನ್ನ ಪಾಲುದಾರರು, ಇನ್ನೊಂದು ಕಡೆ ನೋಟರಿ. ನನಗೆ ಆಗ ಸ್ಪ್ಯಾನಿಷ್ ಅಷ್ಟಾಗಿ ಬರುತ್ತಿರಲಿಲ್ಲ, ಅದಕ್ಕೆ ಅನುವಾದ ಮಾಡುವವರನ್ನು ಕೂರಿಸಿಕೊಂಡೇ ಓದಿದರು. ನಮ್ಮ ಊರಲ್ಲಿ ನೋಟರಿ ಅಂದರೆ ಕೋರ್ಟ್ ಮುಂದೆ ಮೊಹರು ಹಾಕಿಸಿಕೊಂಡು ಬರುವುದು. ಇಲ್ಲಿ ಆ ಮನುಷ್ಯ ಪ್ರತಿ ಕಲಂ ನಿಲ್ಲಿಸಿ ನಿಲ್ಲಿಸಿ ಅರ್ಥವಾಯಿತಾ ಅಂತ ಕೇಳಿದರು. ಪಾಲು ಮಾರುವ ಕಲಂ ಬಂದಾಗ ನನ್ನ ಪಾಲುದಾರರು ಇದು ಹೀಗೆ ಅಂತ ಗೊತ್ತಿರಲಿಲ್ಲ ಅಂದರು, ಅಲ್ಲೇ ಮಾತಾಡಿ ಒಂದು ಸಾಲು ಬದಲಿಸಿದೆವು. ಅವತ್ತು ಅದು ಆಗದಿದ್ದರೆ ಮುಂದೆ ನಮ್ಮಿಬ್ಬರಿಗೂ ಮನಸ್ತಾಪ ಆಗುತ್ತಿತ್ತು.

50-50 ಬೇಡ ಸರ್. ಅಣ್ಣತಮ್ಮಂದಿರೇ ಆಗಿರಲಿ. ಒಂದು ತೀರ್ಮಾನಕ್ಕೆ ಇಬ್ಬರೂ ಒಪ್ಪದಿದ್ದರೆ ಕಂಪನಿ ಅಲ್ಲೇ ನಿಲ್ಲುತ್ತದೆ. ಸಭೆಗಳು ಹಾಗೇ ಸ್ತಬ್ಧವಾಗಿಬಿಟ್ಟರೆ ಅದೇ ಕಂಪನಿ ವಿಸರ್ಜನೆಗೆ ಕಾರಣ ಅಂತ ಕಾನೂನಿನಲ್ಲೇ ಇದೆ. 51-49 ಇಟ್ಟುಕೊಳ್ಳಿ. ಇಲ್ಲವೇ 50-50 ಇಟ್ಟು, ಬಿಕ್ಕಟ್ಟು ಬಂದರೆ ಯಾರು ಯಾರ ಪಾಲು ಯಾವ ಬೆಲೆಗೆ ಕೊಳ್ಳಬೇಕು ಅಂತ ಇಬ್ಬರ ನಡುವೆ ಮೊದಲೇ ಒಪ್ಪಂದ ಬರೆದುಕೊಳ್ಳಿ. ಇನ್ನೊಂದು, ಕಂಪನಿಯಲ್ಲಿ ಕೂತು ಅದನ್ನು ನಡೆಸುವವರ ಕೈಯಲ್ಲಿ 25% ಅಥವಾ ಹೆಚ್ಚು ಪಾಲಿದ್ದರೆ ಅವರು ಸ್ವಂತ ಉದ್ಯೋಗಿ ಅಂತ ನೋಂದಾಯಿಸಿ ತಿಂಗಳು ತಿಂಗಳು ಸಾಮಾಜಿಕ ಭದ್ರತೆಗೆ ಕಟ್ಟಬೇಕು. ಲಾಭ ಬರಲಿ ಬಿಡಲಿ ಕಟ್ಟಬೇಕು. ತಮ್ಮ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾನಾ ಕೇಳಿ.

ಬ್ಯಾಂಕ್ ಸಾಲದ ವಿಷಯವೂ ಗೊತ್ತಿರಲಿ. ಹೊಸ ಎಸ್.ಎಲ್.ಗೆ ಬ್ಯಾಂಕ್ ಸಾಲ ಕೊಡುವಾಗ ಪಾಲುದಾರರ ಸ್ವಂತ ಜಾಮೀನು ಕೇಳುತ್ತದೆ. ಸಹಿ ಹಾಕಿದರೆ ಆ ಸಾಲಕ್ಕೆ ಲಿಮಿತಾದಾ ಅನ್ನುವ ಮಾತು ನಿಮ್ಮನ್ನು ಕಾಯುವುದಿಲ್ಲ. ಗೋದಾಮಿನ ಬಾಡಿಗೆ ಕರಾರಿಗೂ ಇದೇ ಮಾತು. ಕಾಗದದ ಕೊನೆಯ ಪುಟವನ್ನು ಮೊದಲು ಓದಿ.

ಸಿ.ಎ._ಸುಬ್ಬಣ್ಣ:

ನಮ್ಮ ಕಡೆಯ ಕಾಗದವನ್ನೂ ಮರೆಯಬೇಡಿ. ನೀವು ವ್ಯಕ್ತಿಯಾಗಿ ದುಡ್ಡು ಹಾಕುವುದಾದರೆ ವರ್ಷಕ್ಕೆ 2,50,000 ಡಾಲರ್ ಮಿತಿಯೊಳಗೆ ಹಾಕಬಹುದು. ಬ್ಯಾಂಕಿನಲ್ಲಿ ಎಫ್.ಸಿ. ಫಾರಂ ಕೊಟ್ಟು ಆ ಕಂಪನಿಗೆ ಒಂದು ಗುರುತಿನ ಸಂಖ್ಯೆ ಪಡೆದ ಮೇಲೆಯೇ ಹಣ ಕಳಿಸಿ. ತಮ್ಮನ ಖಾತೆಗೆ ಸುಮ್ನೆ ಕಳಿಸಿ ಆಮೇಲೆ ಸರಿಮಾಡೋಣ ಅನ್ನುವುದು ಬೇಡ. ಪಾಲು ಸಿಕ್ಕಿದ ದಾಖಲೆಯನ್ನು ಆರು ತಿಂಗಳೊಳಗೆ ಬ್ಯಾಂಕಿಗೆ ಕೊಡಬೇಕು. ಎಸ್.ಎಲ್.ನಲ್ಲಿ ಷೇರು ಪತ್ರ ಅಂತ ಇರುವುದೇ ಇಲ್ಲವಾದ್ದರಿಂದ ನೋಟರಿ ಪತ್ರದ ಪ್ರತಿ ಮತ್ತು ಅನುವಾದ ಇಟ್ಟುಕೊಳ್ಳಿ, ಬ್ಯಾಂಕಿನವರು ಷೇರು ಸರ್ಟಿಫಿಕೇಟ್ ಎಲ್ಲಿ ಅಂತ ಕೇಳಿಯೇ ಕೇಳುತ್ತಾರೆ. ಆಮೇಲೆ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಆ ಕಂಪನಿಯ ವರದಿ ಸಲ್ಲಿಸಬೇಕು.

ಇನ್ನು ಉಳಿದ ಗಿರಾಕಿಗಳಿಗೆ ಸಾಲದ ಮೇಲೆ ಮಾಲು ಕಳಿಸುವಾಗ ಇ.ಸಿ.ಜಿ.ಸಿ., ಅಂದರೆ ಸರ್ಕಾರಿ ರಫ್ತು ಸಾಲ ವಿಮಾ ಸಂಸ್ಥೆಯ, ವಿಮೆ ಮಾಡಿಸಿ. ಮೊನಿತೋರಿಯೊ ಅರ್ಜಿಗೆ ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡುವ ಮಾಲಿನ ರಸೀದಿ) ಮೂಲ ಪ್ರತಿ ಮತ್ತು ಮಾಲು ಬಂದಿದೆ ಅಂತ ಅವನೇ ಬರೆದ ಇಮೇಲ್ ಎರಡನ್ನೂ ಮೇಲೆ ಇಡಿ.

ಬತ್ತಿಮನೆ_ಮೈಸೂರು:

ಆ ಇಮೇಲ್ ಸಿಕ್ಕಿತು ಸರ್. ಮಾಲು ತಲುಪಿದೆ, ವಾಸನೆ ಚೆನ್ನಾಗಿದೆ, ಮುಂದಿನ ವಾರ ದುಡ್ಡು ಹಾಕುತ್ತೇನೆ ಅಂತ ಅವನೇ ಬರೆದಿದ್ದಾನೆ. ಪ್ರಿಂಟ್ ತೆಗೆದು ತಮ್ಮನಿಗೆ ಕಳಿಸಿದ್ದೇನೆ. ಎನ್.ಐ.ಇ. ಅರ್ಜಿಗೆ ಪಾಸ್‌ಪೋರ್ಟ್ ಪ್ರತಿ ತೆಗೆಸಲು ಈಗ ಹೊರಟೆ.